ನೋಡಿದ ಮೇಲೆ ಉಳಿಯದ ಚಿತ್ರ

ಮುಗಳಖೋಡದ ನನ್ನ ಚಿಗವ್ವನಿಗೆ ಇರುವುದು ಒಂದೇ ಎಮ್ಮೆ. ಸಣ್ಣ ಕರುವಿನಿಂದ ಅವಳೇ ಸಾಕಿದ್ದು. ಅದು ಎರಡು ಸಲ ಗಬ್ಬ ನಿಲ್ಲದೆ ಹೋಗಿತ್ತು. ಈ ಸಲವೂ ನಿಲ್ಲದಿದ್ದರೆ ಸಂತೆಗೆ ಹೊಡೆಯುವುದೇ ಸೈ ಎಂದು ಅವಳ ಗಂಡ, ನನ್ನ ಕಾಕಾ, ಹೇಳಿಬಿಟ್ಟಿದ್ದ. ಅದಕ್ಕೇ ಚಿಕ್ಕೋಡಿಯಲ್ಲಿರುವ ನಮಗೆ ಚಿಗವ್ವನ ಫೋನ್ ಬಂತು.

ನನ್ನ ಗಂಡ ದನದ ಡಾಕ್ಟರ್, ನಾನು ಸಾಫ್ಟ್‌ವೇರ್ ಬರೆಯುವವಳು. ಅವರು ಕೈಯಲ್ಲಿ ಹಿಡಿಯುವ ಸ್ಕ್ಯಾನ್ ಯಂತ್ರ ಕೊಂಡಾಗ, ಅದರ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ, ತಿಳಿಯಾಗಿ ತೋರಿಸುವ ಪ್ರೋಗ್ರಾಮ್ ಬರೆದುಕೊಡುತ್ತೇನೆಂದು ನಾನೇ ಮೈಮೇಲೆ ಎಳೆದುಕೊಂಡಿದ್ದೆ. ಯಂತ್ರದ ಜೊತೆ ಬಂದ ಪ್ರೋಗ್ರಾಮ್ ಮಹಾ ಹಟಮಾರಿ, ಮನಸ್ಸು ಬಂದಾಗ ನಿಂತುಬಿಡುತ್ತದೆ. ಅದು ಬಿದ್ದರೆ ನನ್ನದೂ ಬೀಳಬಾರದೆಂದು ಎರಡನ್ನೂ ಬೇರೆ ಬೇರೆ ಇಟ್ಟಿದ್ದೆ. ಅದು ಪ್ರತಿ ಚಿತ್ರವನ್ನೂ ಫೈಲಾಗಿ ಡಿಸ್ಕಿಗೆ ಬರೆಯಬೇಕು, ನನ್ನದು ಆ ಫೈಲನ್ನು ತೆರೆದು ಓದಬೇಕು. ಕೈ ಮುಂದೆ ಹೋದರೆ ಚಿತ್ರ ಹಿಂದೆ ಉಳಿಯುತ್ತದೆ ಎಂದು ಗಂಡ ಗೊಣಗುತ್ತಲೇ ಇದ್ದರು.

ಅವತ್ತು ಮುಗಳಖೋಡಕ್ಕೆ ಹೋಗಿ ಗಂಡ ಎಮ್ಮೆಯನ್ನು ಸ್ಕ್ಯಾನ್ ಮಾಡಿದಾಗ ಯಂತ್ರದ ಪುಟ್ಟ ಪರದೆಯಲ್ಲಿ ಕಪ್ಪು ನೀರು ಕಂಡಿತು, ಒಳಗೆ ಶೇಂಗಾ ಬೀಜದಷ್ಟು ಏನೋ. ಜೀವ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆಯುತ್ತಿದ್ದಂತೆ ಚಿಗವ್ವ ಕೇಳಿದಳು, "ನೋಡಿದ್ ಮ್ಯಾಲ ಚಿತ್ರ ಅದರಾಗ ಉಳಿತೈತೇನು?"

ನೂರಾರು ಉಳಿಯುತ್ತವೆ ಎಂದು ನಾನು ಜಂಬದಿಂದ ಹೇಳಿದೆ. ಅವಳು ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟಳು.

"ಹಂಗಾರ ಬ್ಯಾಡ. ನೋಡ್ರಿ ಬೇಕಾದ್ರ. ಚಿತ್ರ ಮಾತ್ರ ಇಟಗೋಬ್ಯಾಡ್ರಿ."

ಆಮೇಲೆ ಅಳಿಸುತ್ತೇನೆ ಎಂದರೂ ಕೇಳಲಿಲ್ಲ. ಒಮ್ಮೆ ತೆಗೆದದ್ದು ತೆಗೆದದ್ದೇ ಎಂದಳು. ದೃಷ್ಟಿಯ ಭಯ ಇರಬೇಕೆಂದುಕೊಂಡು ನನಗೆ ಪಿತ್ತ ನೆತ್ತಿಗೇರಿತು. ಅಷ್ಟು ದೂರದಿಂದ ಬಂದದ್ದು ಚಹಾ ಕುಡಿಯಲಿಕ್ಕೇನು ಎಂದು ಬುಸುಗುಡುತ್ತ ಅಡುಗೆಮನೆಯಲ್ಲಿ ಕೂತೆ.

ಆ ಮನೆ ಅಣ್ಣತಮ್ಮಂದಿರಲ್ಲಿ ಪಾಲಾದದ್ದು. ನಡುಗೋಡೆಯಲ್ಲಿ ಎರಡೂ ಕಡೆ ತೆರೆದ ಒಂದು ಗೂಡು ಇದೆ. ಸಂಜೆಯ ಹೊತ್ತು ಕರೆಂಟ್ ಹೋಯಿತು. ಆಚೆಯಿಂದ ಚಿಗವ್ವನ ನೆಗೆಣ್ಣಿ ದೀಪ ಹಚ್ಚಿ ಗೂಡಿನಲ್ಲಿಟ್ಟಳು. ಎರಡೂ ಅಡುಗೆಮನೆ ಬೆಳಗಿದವು. ದೀಪವನ್ನು ಯಾರೂ ಈಚೆ ತರಲಿಲ್ಲ. ನಾನು ಚಹಾ ಆರಲು ಬಿಟ್ಟು ಅದನ್ನೇ ನೋಡುತ್ತ ಕೂತೆ.

ಎರಡು ಪ್ರೋಗ್ರಾಮುಗಳು ಒಂದೇ ಮೆಮೊರಿಯನ್ನು ಹಂಚಿಕೊಳ್ಳುವ ಶೇರ್ಡ್ ಮೆಮೊರಿ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮರುದಿನ ಅದನ್ನು ಬರೆಯಲು ಕೂತಾಗ ಮೊದಲ ಸಲ ಬೆರಗಾಯಿತು. ಕಂಪ್ಯೂಟರಿನಲ್ಲಿ ಪ್ರತಿ ಪ್ರೋಗ್ರಾಮಿಗೂ ತನ್ನದೇ ಗೋಡೆ. ಒಂದು ಇನ್ನೊಂದರ ಮನೆಯೊಳಗೆ ಇಣುಕುವಂತಿಲ್ಲ. ಕೇಳಿಕೊಂಡರೆ ಮಾತ್ರ ಕಂಪ್ಯೂಟರು ಮೆಮೊರಿಯ ಒಂದು ತುಣುಕನ್ನು ಎರಡಕ್ಕೂ ತೆರೆದುಕೊಡುತ್ತದೆ. ಒಂದು ಪ್ರೋಗ್ರಾಮ್ ಆ ಜಾಗವನ್ನು ಒಂದು ನಂಬರಿನಿಂದ ಕರೆಯುತ್ತದೆ, ಇನ್ನೊಂದು ಬೇರೆ ನಂಬರಿನಿಂದ. ಜಾಗ ಒಂದೇ! ಚಿತ್ರ ಎಲ್ಲಿಗೂ ಹೋಗುವುದಿಲ್ಲ, ಅದರ ನಕಲೂ ಆಗುವುದಿಲ್ಲ, ಆದರೂ ಇಬ್ಬರಿಗೂ ಕಾಣುತ್ತದೆ. ಅರ್ಧ ಹಳೆಯದು ಅರ್ಧ ಹೊಸದು ಕಾಣಬಾರದೆಂದು ಅದರಲ್ಲೇ ಎರಡು ಭಾಗ ಮಾಡಿದೆ. ಒಂದು ತುಂಬುತ್ತಿರುವಾಗ ಇನ್ನೊಂದನ್ನು ನೋಡುವುದು. ಹೊಸ ಚಿತ್ರ ಬಂದಂತೆ ಹಳೆಯದು ಅದರಡಿಯಲ್ಲೇ ಅಳಿದುಹೋಗುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಅವತ್ತು ಮೈ ಜುಮ್ಮೆಂದಿತು.

ಮುಂದಿನ ವಾರ ಮತ್ತೆ ಹೋದೆವು. ಏನೂ ಉಳಿಯುವುದಿಲ್ಲ ಎಂದು ಮೊದಲೇ ಚಿಗವ್ವನಿಗೆ ಮಾತು ಕೊಟ್ಟೆ. ಅವಳು ಆಗಲೆಂದು ತಲೆಯಾಡಿಸಿದಳು. ಗಂಡ ಕೈ ಸರಿಸಿದಂತೆ ಚಿತ್ರವೂ ಸರಿಯಿತು, ಒಂದಿಷ್ಟೂ ಹಿಂದೆ ಬೀಳದೆ. ಕಪ್ಪು ನೀರು ಬಂತು, ಆ ಬೀಜ ಬಂತು. ಅದರ ನಡುವೆ ಒಂದು ಬಿಳಿ ಚುಕ್ಕೆ ಪಟಪಟ ಬಡಿಯುತ್ತಿತ್ತು.

ನಾವು ಮೂವರೂ ಪರದೆಯ ಕಡೆ ಬಾಗಿ ನಿಂತಿದ್ದೆವು. ಎಮ್ಮೆ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲದಂತೆ ಮೆಲುಕು ಹಾಕುತ್ತಿತ್ತು. ಅಷ್ಟು ಸಣ್ಣದೊಂದು ಹೃದಯವನ್ನು ನಾನು ಅದುವರೆಗೆ ನೋಡಿರಲಿಲ್ಲ.

"ನನ್ನ ಚೊಚ್ಚಲ ಕೂಸಿಂದೂ ಹಿಂಗ ತೋರಿಸಿದ್ರು," ಎಂದಳು ಚಿಗವ್ವ, ಪರದೆಯಿಂದ ಕಣ್ಣು ತೆಗೆಯದೆ. "ಫೋಟೊ ಮಾಡಿ ಕೈಯಾಗ ಕೊಟ್ರು. ಅದು ಇನ್ನೂ ಟ್ರಂಕಿನ್ಯಾಗ ಐತಿ. ಕೂಸು ಉಳೀಲಿಲ್ಲ."

ಅವಳಿಗೆ ಚೊಚ್ಚಲದ ಕೂಸೊಂದು ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ನಾನು ಇನ್ನೂ ಸಣ್ಣವಳಿದ್ದಾಗಿನ ಮಾತಿರಬೇಕು. ಲ್ಯಾಪ್‌ಟಾಪ್ ಮುಚ್ಚಿದೆ; ಚುಕ್ಕೆ ಹೋಯಿತು, ಅದರ ಗುರುತೂ ಇಲ್ಲದಂತೆ.

ಎಮ್ಮೆ ಸಂತೆಗೆ ಹೋಗಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಿಕೊಂಡಿದ್ದ ಕಾಲಕ್ಕೆ ಮತ್ತೆ ಫೋನ್ ಬಂತು. ನಾವು ಹೋಗುವಷ್ಟರಲ್ಲಿ ಕರು ನಡುಗುವ ಕಾಲಿನ ಮೇಲೆ ನಿಂತು ತಾಯಿಯ ಕೆಚ್ಚಲು ಹುಡುಕುತ್ತಿತ್ತು. ನಾನು ಅಭ್ಯಾಸಬಲದಿಂದ ಮೊಬೈಲ್ ಹೊರಗೆ ತೆಗೆದು, ನೆನಪಾಗಿ, ಮತ್ತೆ ಚೀಲಕ್ಕೆ ಹಾಕಿದೆ. ಚಿಗವ್ವ ಅದನ್ನು ನೋಡಿದಳು. ಸೆರಗಿನಿಂದ ಕರುವಿನ ಮುಖ ಒರೆಸಿ, ಅದನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿ ಹಿಡಿದಳು.

"ಈಗ ತಗಿ ಫೋಟೊ," ಎಂದಳು.