ಪೂಜೆಗೊಂಡ ಕನಸಿನ ಚಾರ್ಟು

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿರಬೇಕು. ಮಗಳು ಎಂಟನೇ ಇಯತ್ತೆ. ಬೈಲಹೊಂಗಲದ ಅವಳ ಸಾಲಿಗೆ ಹುಬ್ಬಳ್ಳಿ ಕಡೆಯಿಂದ ಒಬ್ಬ ಮಹಾಶಯ ಬಂದ. ವ್ಯಕ್ತಿತ್ವ ವಿಕಸನ ಮಾಡಿಸುವವನಂತೆ. ನಮ್ಮೂರಿನ ಸೆಕೆಯಲ್ಲಿ ಕೊರಳಿಗೆ ಟೈ. ತಾಯಂದಿರೂ ಬರಬೇಕು, ಹಳೇ ಪೇಪರು, ಕತ್ತರಿ, ಅಂಟು ತರಬೇಕು ಎಂದು ಸಾಲಿಯಿಂದ ಚೀಟಿ ಬಂದಿತ್ತು. ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು, ಮೈದಾ ಕಾಯಿಸಿ ಅಂಟು ಮಾಡಿ, ಡಬ್ಬಿಯಲ್ಲಿ ಹಾಕಿಕೊಂಡು ಹೋದೆ.

ಕಣ್ಣು ಮುಚ್ಚಿ, ದೊಡ್ಡವರಾದ ಮೇಲೆ ಏನಾಗಬೇಕೋ ನೆನೆಸಿಕೊಳ್ಳಿ ಅಂದ. ಕಣ್ಣು ತೆಗೆದು, ಅದರ ಚಿತ್ರ ಪೇಪರಿನಿಂದ ಕತ್ತರಿಸಿ ಚಾರ್ಟಿಗೆ ಅಂಟಿಸಿ, ದಿನಾ ನೋಡಿ, ಸಿಕ್ಕೇ ಸಿಗುತ್ತದೆ ಅಂದ. ನಾನು ಲಗ್ನವಾಗಿ ಬಂದಾಗಿನಿಂದ ದಿನಾ ಜಳಕ ಮಾಡಿ ದೇವರ ಜಗಲಿಯ ಮುಂದೆ ನಿಂತು ಕೇಳಿಕೊಂಡವಳು. ಶಿವ ಕೆಲವು ಕೊಟ್ಟ, ಕೆಲವು ಕೊಡಲಿಲ್ಲ. ಕೊಡದಿದ್ದದ್ದೇ ಚಲೋ ಆಯಿತು ಅನ್ನಿಸಿದ್ದೂ ಉಂಟು. ಈ ಪುಣ್ಯಾತ್ಮ ನೋಡಿದರೆ ಜಳಕವಿಲ್ಲ, ಉಪವಾಸವಿಲ್ಲ, ಬರೇ ಮೈದಾ ಹಿಟ್ಟಿನ ಅಂಟಿನಲ್ಲಿ ಎಲ್ಲ ಕೊಡಿಸುವವನಿದ್ದ.

ಎಲ್ಲರ ಮನೆಗೂ ಬರುತ್ತಿದ್ದದ್ದು ಅದೇ ಒಂದೆರಡು ಪೇಪರು. ಹಾಗಾಗಿ ಎಲ್ಲ ಮಕ್ಕಳ ಕನಸಿಗೂ ಅದೇ ಕೆಂಪು ಕಾರು ಬಂದು ನಿಂತಿತು. ಕಂಪನಿಯವರು ಮಾರಬೇಕೆಂದಿದ್ದೇ ನಮ್ಮ ಮಕ್ಕಳು ಆಗಬೇಕೆಂದಿದ್ದು. ಪಕ್ಕದ ಹುಡುಗನೊಬ್ಬ ಕಾರು, ಬಂಗಲೆ, ಫ್ರಿಜ್ಜು, ತಿಜೋರಿ ಅಂಟಿಸಿದ್ದ. ಲಗ್ನದಲ್ಲಿ ಬೀಗರ ಹತ್ತಿರ ಕೇಳುವ ಸಾಮಾನಿನ ಯಾದಿ ಇದ್ದಂತಿತ್ತು. ಅವನ ತಾಯಿ ಹೆಮ್ಮೆಯಿಂದ ನನ್ನ ಕಡೆ ನೋಡಿದಳು.

ನನ್ನ ಮಗಳು ಮಾತ್ರ ಪೇಪರು ತಿರುವುತ್ತಲೇ ಕುಂತಿದ್ದಳು. ಒಂದನ್ನೂ ಕತ್ತರಿಸಿರಲಿಲ್ಲ.

"ಏನ್ ಪುಟ್ಟಿ, ನಿನಗ ಕನಸ ಇಲ್ಲೇನು?" ಅಂದ ಅವನು. ಎಲ್ಲರೂ ನಕ್ಕರು. ಅವಳ ಕಣ್ಣಲ್ಲಿ ನೀರು ನಿಂತವು. ಅವನು ತಾನೇ ಒಂದು ಪುಟದಿಂದ ಬಿಳಿ ಕೋಟಿನ ಹೆಣ್ಣುಮಗಳ ಚಿತ್ರ ಕತ್ತರಿಸಿ ಕೈಗೆ ಕೊಟ್ಟು, "ಇದನ್ನ ಹಚ್ಚು. ಯಾವಾಗಲೂ ದೊಡ್ಡದ ವಿಚಾರ ಮಾಡಬೇಕು" ಎಂದು ಮುಂದೆ ಹೋದ. ಅವಳು ಅಂಟಿಸಿದಳು. ಚಿತ್ರದ ಕೆಳತುದಿಯ ಮೇಲೆ 'ಡಾಕ್ಟರ್' ಎಂದು ಬರೆದ ಚೀಟಿಯನ್ನೂ ಅಂಟಿಸಿದಳು. ಅವನನ್ನು ಇಷ್ಟು ಬೈಯುವ ನಾನು ಅವತ್ತು ಹಿಗ್ಗಿದ್ದೆ, ಸುಳ್ಳು ಯಾಕೆ ಹೇಳಲಿ.

ಹಿಗ್ಗಿದವಳು ಅಷ್ಟಕ್ಕೇ ಸುಮ್ಮನಿರಲಿಲ್ಲ. ದಸರೆಯ ಖಂಡೇಪೂಜೆಯಲ್ಲಿ ಕುಡಗೋಲು, ತಕ್ಕಡಿ, ಪುಸ್ತಕಗಳ ಸಾಲಿನಲ್ಲಿ ಆ ಚಾರ್ಟನ್ನೂ ಇಟ್ಟೆ. ಅದಕ್ಕೆ ವಿಭೂತಿ ಹಚ್ಚಿದೆ. ಡಾಕ್ಟರಬಾಯಿಯ ಹಣೆಗೆ ಕುಂಕುಮ ಇಟ್ಟೆ. ಮರುದಿನದಿಂದ ಅದು ಜಗಲಿಯ ಪಕ್ಕದ ಗೋಡೆ ಹತ್ತಿತು. ನಮ್ಮ ಅತ್ತಿ ದೇವರ ಫೋಟೋಗಳಿಗೆ ಊದಿನಕಡ್ಡಿ ಬೆಳಗುವಾಗ ಅದಕ್ಕೂ ಒಂದು ಸುತ್ತು ಬೆಳಗತೊಡಗಿದರು. ಕಿತ್ತೂರಿನಿಂದ ಬೀಗರು ಬಂದರೆ, "ಡಾಕ್ಟರಬಾಯಿ, ನನ್ನ ಮೊಣಕಾಲು ಒಂದೀಟ ನೋಡವ್ವಾ" ಅನ್ನುವರು. ಮಗಳು ಹಿತ್ತಲಿಗೆ ಎದ್ದು ಹೋಗುವಳು. ನಾಚಿಕೆ ಅಂದುಕೊಂಡೆ.

ಹತ್ತನೇ ಇಯತ್ತೆ ಪಾಸಾದಳು. ಮಾರ್ಕ್ಸು ಚಲೋ ಬಂದಿದ್ದವು. ನಮ್ಮ ಮನೆಯವರು ಧಾರವಾಡದ ಸೈನ್ಸ್ ಕಾಲೇಜಿನಲ್ಲಿ ಮಾತಾಡಿ ಬಂದರು. ಅರ್ಜಿ ಕೊಡಲು ಮೂರು ದಿನ ಉಳಿದಿದ್ದಾಗ ಮಗಳು ಬಾಯಿ ಬಿಟ್ಟಳು.

"ನಾ ಒಲ್ಲೆ. ಇಲ್ಲೇ ಆರ್ಟ್ಸ್ ತಗೋತೇನಿ. ಆಮ್ಯಾಲ ಡಿ.ಎಡ್. ಮಾಡಿ ಸಣ್ಣ ಹುಡುಗೂರ ಸಾಲಿ ಅಕ್ಕೋರು ಆಗತೇನಿ."

"ಪೂಜಿ ಆದ ಹಾಳಿ ಐತಿ ಅದು," ಅಂದರು ಅತ್ತಿ. "ದೇವರ ಮುಂದ ಮಾತು ಕೊಟ್ಟಂಗ ಆತು. ಈಗ ಒಲ್ಲೆ ಅಂದ್ರ ಮನಿಗೆ ಒಳ್ಳೇದಲ್ಲ."

"ಅವ್ವ ಹೇಳೂದು ಖರೇ ಐತಿ," ಅಂದರು ನಮ್ಮ ಮನೆಯವರು. ಸೋಮವಾರ ಸುದ್ದಾ ಜಗಲಿಯ ಮುಂದೆ ನಿಲ್ಲದ ಗಂಡಸು. ಊರ ಮಂದಿಗೆಲ್ಲ ಮಗಳು ಡಾಕ್ಟರಾಗುತ್ತಾಳೆ ಅಂತ ಹೇಳಿ ಕುಂತಿದ್ದರು, ಈಗ ದೇವರ ಮರೆಗೆ ನಿಂತರು.

ಮಧ್ಯಾಹ್ನ ಮಗಳನ್ನು ಕೇಳಿದೆ. "ಒಲ್ಲದ್ದಿದ್ರ ಅವತ್ತ ಯಾಕ ಹಚ್ಚಿದಿ?"

"ಅಕ್ಕೋರ ಚಿತ್ರ ಹುಡುಕಿದ್ನಿ ಅವ್ವಾ. ಯಾ ಪೇಪರದಾಗೂ ಇರಲಿಲ್ಲ."

ಎಲ್ಲಿಂದ ಇರಬೇಕು? ಪಾಟಿಯ ಮೇಲೆ ಅಕ್ಷರ ತಿದ್ದಿಸುವ ಹೆಣ್ಣುಮಗಳ ಜಾಹೀರಾತನ್ನು ಯಾರು ರೊಕ್ಕ ಕೊಟ್ಟು ಹಾಕಿಸುತ್ತಾರೆ?

"ಅಕಿ ಡಾಕ್ಟರೂ ಅಲ್ಲ. ಆ ಚೀಟಿ ಎತ್ತಿ ನೋಡು," ಅಂದಳು.

ಎತ್ತಿ ನೋಡಿದೆ. 'ಡಾಕ್ಟರ್' ಎಂಬ ಚೀಟಿಯ ಕೆಳಗೆ, ಬಿಳಿ ಕೋಟಿನವಳ ಕೈಯಲ್ಲಿ ಹಲ್ಲುಜ್ಜುವ ಪೇಸ್ಟಿನ ಟ್ಯೂಬಿತ್ತು. ಎರಡೂವರೆ ವರ್ಷ ನಾವು ಪೇಸ್ಟು ಮಾರುವವಳಿಗೆ ಊದಿನಕಡ್ಡಿ ಬೆಳಗಿದ್ದೆವು. ನಗಬೇಕೆಂದರೆ ನಾಚಿಕೆ ಅಡ್ಡ ಬಂತು.

ಅತ್ತಿಯನ್ನು ಕರೆದು ತೋರಿಸಿದೆ. ಅವರು ಚಾಳೀಸು ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ನಾ ದಿನಾ ಬೆಳಗಿದ್ದು ಇಕಿಗೇನ?"

"ಹೌದ್ರಿ ಅತ್ತಿ. ಮೊದಲ ವಿಭೂತಿ ಹಚ್ಚಿದಾಕಿ ನಾನ. ತಪ್ಪು ನಂದ ಐತಿ, ಹುಡುಗಿದಲ್ಲ."

"ಯಾರರೆ ಇರಲಿ, ಪೂಜಿ ಅಂತೂ ಆಗೇತಿ. ಹರಿದು ಒಗಿಯಾಕ ಬರೂದಿಲ್ಲ."

"ಹರಿಯೂದಿಲ್ರಿ. ಹೊಳಿಗೆ ಬಿಟ್ಟು ಬರೂನು."

ಒಡೆದ, ಮಾಸಿದ ದೇವರ ಫೋಟೋಗಳನ್ನು ನಾವು ಮಲಪ್ರಭೆಗೆ ಬಿಡುವುದು ಮೊದಲಿನಿಂದ ಬಂದದ್ದು. ಅತ್ತಿ ಇಲ್ಲ ಅನ್ನಲಿಲ್ಲ. ಮರುದಿನ ಮೂವರೂ ಸವದತ್ತಿ ಕಡೆಯ ಬಸ್ಸು ಹತ್ತಿ ಮನೋಳಿಗೆ ಹೋದೆವು. ಬ್ಯಾಸಿಗೆ ಮುಗಿಯುವ ಹೊತ್ತು, ಹೊಳೆಯಲ್ಲಿ ನೀರು ಮೊಣಕಾಲಿಗಿಂತ ಮೇಲಿರಲಿಲ್ಲ. ಚಾರ್ಟು ತೇಲಲು ಸಾಕು, ಅದೇ ಪುಣ್ಯ. ಅತ್ತಿ ಅರಿಷಿಣ ಕುಂಕುಮ ಹಾಕಿ ಕೈಮುಗಿದರು. ಮಗಳು ಒಯ್ದು ನೀರಿಗೆ ಬಿಟ್ಟಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತಿ ಮೊಮ್ಮಗಳನ್ನು ಕೇಳಿದರು. "ಅಕ್ಕೋರು ಆದ್ರ ನಿನ್ನ ಯಾ ಊರಿಗೆ ಹಾಕತಾರ?"

"ಗೊತ್ತಿಲ್ಲ ಆಯಿ. ರಾಮದುರ್ಗದ ಕಡೆ ಯಾವುದರೆ ಹಳ್ಳಿ ಆದ್ರೂ ಆತು."

"ಅಲ್ಲಿಗೆ ಬಸ್ಸು ಸರಿಯಾಗಿ ಅದಾವೇನ?" ಎಂದು ಅತ್ತಿ ಆಗಲೇ ಚಿಂತಿಗೆ ಬಿದ್ದರು.

ಸಂಜೆ ನಮ್ಮ ಮನೆಯವರು ಅಂಗಡಿಯಿಂದ ಬಂದು, ಖಾಲಿ ಗೋಡೆ ನೋಡಿ ನಿಂತರು. ನಾವು ಬರುವಾಗ ತಂದಿದ್ದ ಇಲ್ಲಿಯ ಕಾಲೇಜಿನ ಅರ್ಜಿಯನ್ನು ಅತ್ತಿ ಮುಂದಿಟ್ಟರು. "ಸಹಿ ಮಾಡು."

"ಮತ್ತ ದೇವರ ಮುಂದ ಕೊಟ್ಟ ಮಾತು?"

"ದೇವರನ್ನ ನಾ ನೋಡ್ಕೋತೇನಿ. ನೀ ಪೆನ್ನು ತಗೋ."

ಅವರು ಸಹಿ ಹಾಕಿದರು. ಅರ್ಜಿಯನ್ನು ಓದಲೂ ಇಲ್ಲ. ಓದಿದ್ದರೆ ಮತ್ತೊಂದು ತಾಸು ವಾದ ಆಗುತ್ತಿತ್ತು, ಅಷ್ಟನ್ನು ಶಿವ ತಪ್ಪಿಸಿದ.