ಮಹಡಿ ಮೇಡಂ ಮತ್ತು ನನ್ನ ಹೂಬಳ್ಳಿ

ಕಳೆದ ವಾರ ಕಟ್ಟಡದ ಓನರ್ ಮಹಡಿಯ ರೂಮು ಖಾಲಿ ಮಾಡಿಸುವಾಗ ಒಂದು ಸ್ಟೀಲ್ ಡಬ್ಬಿ ತಂದು ನನ್ನ ಟೇಬಲ್ಲಿನ ಮೇಲಿಟ್ಟರು. ಮುಚ್ಚಳ ತೆಗೆದೊಡನೆ ಕರ್ಪೂರದ ವಾಸನೆ. ಒಳಗೆ ರಬ್ಬರ್ ಬ್ಯಾಂಡ್ ಸುತ್ತಿದ ಮೂರು ಹಳೇ ಮೊಬೈಲುಗಳು. ಒಂದರ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಆ ಮೊಬೈಲು ಕಂಡರೆ ನನಗೆ ಎಷ್ಟು ಹೊಟ್ಟೆ ಉರಿಯುತ್ತಿತ್ತೆಂದು ಓನರಿಗೇನು ಗೊತ್ತು...

ಶೆಟ್ಟಿಹಳ್ಳಿಯಿಂದ ಸೈಕಲ್ಲಿನಲ್ಲಿ ಬಂದು ಅಟ್ಟೂರಿನಲ್ಲಿ ಮದುವೆ ಕಾರ್ಡಿನ ಅಂಗಡಿ ಹಾಕಿದವನು ನಾನು. ಚೌಕಾಸಿ ಮಾಡಿಯೇ ಮೇಲೆ ಬಂದೆ. ಜನ ಕಾರ್ಡನ್ನೂ ವಾಟ್ಸಾಪಿನಲ್ಲಿ ಕಳಿಸತೊಡಗಿದಾಗ, ‘ಇಲ್ಲಿ ಇ-ಪುಸ್ತಕ ಮಾಡಿಕೊಡಲಾಗುವುದು’ ಎಂದು ಬೋರ್ಡು ಬರೆಸಿದೆ. ಮೂರು ತಿಂಗಳಿಗೆ ಮಹಡಿಗೆ ಈ ಮೇಡಂ ಬಂದರು. ಐವತ್ತು ದಾಟಿದ ಒಂಟಿ ಹೆಂಗಸು, ಒಂದು ಕಂಪ್ಯೂಟರು, ಈ ಡಬ್ಬಿ. ಅವರೂ ಅದೇ ಕೆಲಸದವರು. ಬೋರ್ಡು ಮಾತ್ರ ನನ್ನದರ ಅರ್ಧದಷ್ಟೂ ಇರಲಿಲ್ಲ. ಆದರೂ ಗಿರಾಕಿಗಳು ನನ್ನ ಅಂಗಡಿ ದಾಟಿ ಮೆಟ್ಟಿಲು ಹತ್ತುತ್ತಿದ್ದರು. ಆ ಚಪ್ಪಲಿ ಸದ್ದನ್ನು ನಾನು ಎಣಿಸುತ್ತಿದ್ದೆ.

ಅವರದೊಂದು ವಿಚಿತ್ರ ಪದ್ಧತಿ. ಪುಸ್ತಕ ಸಿದ್ಧವಾದ ಮೇಲೆ ಅದನ್ನು ಆ ಸೀಳುಗಾಜಿನ ಮೊಬೈಲಿಗೆ ಹಾಕಿಕೊಂಡು, ಮಟಮಟ ಮಧ್ಯಾಹ್ನ ಬಸ್ಸು ಹತ್ತುತ್ತಿದ್ದರು. ಯಶವಂತಪುರದವರೆಗೆ ಓದುತ್ತ ಹೋಗಿ, ಓದುತ್ತ ಬರುತ್ತಿದ್ದರು. ಎಲ್ಲಿ ಕಣ್ಣು ಕಿರಿದು ಮಾಡಬೇಕಾಯಿತೋ ಅಲ್ಲಿ ಮತ್ತೆ ಕೆಲಸ. ಬಸ್ಸಿನಲ್ಲಿ ಓದುವವರ ಪುಸ್ತಕವನ್ನು ಫ್ಯಾನಿನ ಕೆಳಗೆ ಕೂತು ನೋಡಿದರೆ ಏನು ಗೊತ್ತಾಗುತ್ತದೆ ಎನ್ನುತ್ತಿದ್ದರಂತೆ. ಕೆಲಸವಿಲ್ಲದವರ ಶೋಕಿ ಎಂದು ನಾನು ಟೀ ಅಂಗಡಿಯಲ್ಲಿ ಆಡಿಕೊಂಡಿದ್ದುಂಟು.

ಆ ಹೊತ್ತಿಗೇ ಅಟ್ಟೂರಿನ ಗೌಡರೊಬ್ಬರು ಒಂದು ನೋಟ್ ಬುಕ್ಕು ತಂದರು. ಲೇಔಟುಗಳಾಗುವ ಮೊದಲಿನ ಅವರ ಹೊಲ, ಬಾವಿ, ಆ ಬಾವಿಗೆ ಬಿದ್ದ ಎಮ್ಮೆ, ಎಲ್ಲ ಬರೆದಿದ್ದರು. ಹೇಳಿ ಬರೆಸಿದವರು ಚಿಕ್ಕಬಾಣಾವರದಲ್ಲಿದ್ದ ಅವರ ಅಕ್ಕ. ಅಕ್ಕನಿಗೆ ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಹೋಗುವುದರೊಳಗೆ ತನ್ನ ಪುಸ್ತಕವನ್ನು ತಾನೇ ಮೊಬೈಲಿನಲ್ಲಿ ಓದಬೇಕೆಂಬುದು ಆಕೆಯ ಆಸೆ.

ಈ ಗಿರಾಕಿಯನ್ನು ಮೇಲೆ ಹತ್ತಲು ಬಿಡಬಾರದೆಂದು ಹಟ ತೊಟ್ಟೆ. ಕೈಯಲ್ಲಿದ್ದ ವಿದ್ಯೆಯನ್ನೆಲ್ಲ ಸುರಿದೆ. ಪ್ರತಿ ಪುಟಕ್ಕೂ ನನ್ನ ಲಗ್ನಪತ್ರಿಕೆಯ ಹೂಬಳ್ಳಿಯ ಬಾರ್ಡರು ಕೂರಿಸಿದೆ. ಬಳ್ಳಿ ಅಲ್ಲಾಡಬಾರದಲ್ಲ, ಹಾಗಾಗಿ ಒಂದೊಂದು ಪುಟವನ್ನೂ ಚಿತ್ರ ಮಾಡಿ ಸೇರಿಸಿಬಿಟ್ಟೆ. ಈ ಕೆಲಸಕ್ಕೆ ಇಳಿಯುವವರಿಗೆ ನನ್ನದೊಂದು ಬುದ್ಧಿಮಾತು, ಪುಕ್ಕಟೆ: ಹಾಗೆ ಮಾಡಬೇಡಿ. ಅಕ್ಷರವನ್ನು ಅಕ್ಷರವಾಗಿಯೇ ಬಿಟ್ಟರೆ ಓದುವವರು ದೊಡ್ಡದು ಮಾಡಿದಂತೆ ಸಾಲು ತಾನೇ ಕೆಳಗಿಳಿಯುತ್ತದೆ. ಚಿತ್ರ ಮಾಡಿದರೆ ಅಂಗೈಯಗಲದ ಗಾಜಿನ ಮೇಲೆ ಉಳಿಯುವುದು ಸಾಸಿವೆ ಕಾಳು.

ಗೌಡರು ವಾರಕ್ಕೆ ವಾಪಸು ಬಂದರು. “ಅಕ್ಕಂಗೆ ಒಂದಕ್ಸರಾನೂ ಕಾಣಾಕಿಲ್ವಂತೆ ಕಣಪ್ಪ. ಊವಿನ ಬಳ್ಳಿ ಮಾತ್ರ ಸೆಂದಾಗೈತಂತೆ.”

ಬೆರಳಲ್ಲಿ ಹಿಗ್ಗಿಸಿಕೊಳ್ಳಲು ಹೇಳಿ ಎಂದೆ. ಹಿಗ್ಗಿಸಿದರೆ ಸಾಲಿನ ತುದಿ ಆಚೆ ಹೋಗುತ್ತದಂತೆ, ಅದನ್ನು ಎಳೆಯುವುದರೊಳಗೆ ಮೊದಲಿನದು ಮರೆತುಹೋಗುತ್ತದಂತೆ. ಆಮೇಲೆ ಅವರು ಮೆಲ್ಲಗೆ, ಮೇಲೊಬ್ಬ ಮೇಡಂ ಇದ್ದಾರಂತಲ್ಲ ಎಂದು ಕೇಳಿದರು.

“ಇಲ್ಲ ಯಜಮಾನ್ರೇ, ಖಾಲಿ ಮಾಡ್ಕೊಂಡ್ ಹೋದ್ರು.”

ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ... ಗೌಡರು ತಿರುಗಿದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಸೀಳುಗಾಜಿನ ಮೊಬೈಲು ಹಿಡಿದು ಮೇಡಂ ಇಳಿದು ಬರುತ್ತಿದ್ದರು. ನಾನಂದದ್ದು ಕೇಳಿಸಿತ್ತು. ನನ್ನ ಮುಖವನ್ನೊಮ್ಮೆ ನೋಡಿದರು.

“ಇನ್ನೂ ಹೋಗಿಲ್ಲ, ಈಗ ಹೊರಟೆ,” ಎಂದರು ಗೌಡರಿಗೆ. “ಸಾರ್ ಹೇಳಿದ್ದು ಅದನ್ನೇ. ಬಸ್ಸಿಗೆ ಹತ್ತು ನಿಮಿಷ ಇದೆ, ಏನಾಗ್ಬೇಕಿತ್ತು ಹೇಳಿ.”

ಬೈದಿದ್ದರೆ ನಾನೂ ಎರಡು ಮಾತು ಬೈದು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಅವತ್ತು ಯಶವಂತಪುರದ ಬಸ್ಸು ಬಿಟ್ಟು ಗೌಡರ ಜೊತೆ ಚಿಕ್ಕಬಾಣಾವರಕ್ಕೆ ಹೋದರು. ಅಕ್ಕನ ಕೈಗೇ ಮೊಬೈಲು ಕೊಟ್ಟು, ಅಕ್ಷರದ ಯಾವ ಅಳತೆಗೆ ಆಕೆಯ ಹುಬ್ಬು ಸಡಿಲವಾಗುತ್ತದೆಂದು ನೋಡಿಕೊಂಡು ಬಂದರಂತೆ. ಮಾರನೆಯ ದಿನ ನನ್ನ ಬಾಗಿಲಲ್ಲಿ ನಿಂತು, “ನಿಮ್ಮ ಬಳ್ಳಿ ಚೆನ್ನಾಗಿದೆ ಸಾರ್, ಮುಖಪುಟಕ್ಕೆ ಹಾಕ್ಕೊಳ್ಲಾ?” ಎಂದರು. ಯಾವುದಕ್ಕೂ ರೇಟು ಹೇಳದೆ ಬಿಟ್ಟವನಲ್ಲ ನಾನು. ಅವತ್ತು ಹಾಕ್ಕೊಳ್ಳಿ ಎಂದಷ್ಟೇ ಅಂದೆ.

ಅಕ್ಕ ಪುಸ್ತಕವನ್ನು ತಾನೇ ಓದಿ ಮುಗಿಸಿದ ಸುದ್ದಿ ಗೌಡರೇ ಹೇಳಿದರು. ನಾನು ಕದ್ದುಮುಚ್ಚಿ ಆ ಪುಸ್ತಕ ತರಿಸಿಕೊಂಡು, ಎಲ್ಲಾದರೂ ಸಾಲು ಒಡೆದೀತೇ ಎಂದು ಅಕ್ಷರವನ್ನು ಹುಣಸೆಬೀಜದಷ್ಟು ಮಾಡಿ ನೋಡಿದೆ. ಒಡೆಯಲಿಲ್ಲ. ಕೊನೆಯ ಪುಟದಲ್ಲಿ ‘ಮುಖಪುಟ’ ಎಂಬುದರ ಮುಂದೆ ನನ್ನ ಅಂಗಡಿಯ ಹೆಸರಿತ್ತು. ಮೇಡಂ ಹೆಸರು ಎಲ್ಲೂ ಇರಲಿಲ್ಲ. ಆಗಲಾದರೂ ಹೊಟ್ಟೆಕಿಚ್ಚು ಆರಬೇಕಿತ್ತು, ಹೆಚ್ಚಾಯಿತು. ಆಮೇಲೂ ಎಷ್ಟೋ ವರ್ಷ ಒಂದೇ ಕಟ್ಟಡದಲ್ಲಿದ್ದೆವು. ಹೇಗೆ ಮಾಡಿದಿರಿ ಮೇಡಂ ಎಂದು ಒಂದು ಸಲವೂ ಕೇಳಲಿಲ್ಲ... ಕೇಳಿದರೆ ಸೋತಂತೆ ಅನ್ನಿಸುತ್ತಿತ್ತು. ಈ ಮಳೆಗಾಲಕ್ಕೆ ಮೊದಲು ಆಸ್ಪತ್ರೆಗೆ ಹೋದ ಮೇಡಂ ಹಿಂದಿರುಗಲಿಲ್ಲ.

ಈಗ ಸೀಳುಗಾಜಿನ ಮೊಬೈಲನ್ನು ಚಾರ್ಜಿಗೆ ಹಾಕಿಟ್ಟಿದ್ದೇನೆ. ನಿನ್ನೆ ಒಬ್ಬ ಹೆಂಗಸು ಹಸ್ತಪ್ರತಿ ಹಿಡಿದು ಬಂದು, ಮೇಲಿನ ಮೇಡಂ ಇದ್ದಾರಾ ಎಂದು ಕೇಳಿದರು.

“ಇಲ್ಲಮ್ಮ, ಹೋದ್ರು,” ಎಂದೆ.

ಹೇಳಿದವನು ಮೆಟ್ಟಿಲ ಕಡೆ ನೋಡಿದೆ. ಆ ಹೆಂಗಸೂ ನೋಡಿದರು. ಯಾರೂ ಇಳಿದು ಬರಲಿಲ್ಲ.