ಬಾಗಿಲಿಗೆ ಕಟ್ಟಿದ ಬೇವಿನ ಸೊಪ್ಪು

ಕಳೆದ ವರ್ಷದ ಮಾತು. ಸ್ತನ ಕ್ಯಾನ್ಸರಿನ ಆಪರೇಶನ್, ಚಿಕಿತ್ಸೆ ಎಲ್ಲ ಮುಗಿದು ನಾನು ಚೇತರಿಸಿಕೊಂಡಿದ್ದೆ. ಮಗಳು ಹೆರಿಗೆಗೆಂದು ಕಾರ್ಕಳದಿಂದ ಕಾಪುವಿನ ನಮ್ಮ ಮನೆಗೆ ಬಂದು ಹೆಣ್ಣು ಮಗು ಹೆತ್ತಿದ್ದಳು. ದಿನಾ ಬೆಳಿಗ್ಗೆ ಮೊಮ್ಮಗಳನ್ನು ಚಾಚಿದ ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹಾಕುವುದು ನನ್ನ ಕೆಲಸ. ಈ ಒಂದು ಆಸೆಗಾಗಿಯೇ ಅಷ್ಟೆಲ್ಲ ನೋವು ನುಂಗಿದ್ದೆ.

ಎಲ್ಲ ಕೆಡಿಸಿದ್ದು ನನ್ನದೇ ಬಾಯಿ. ತಪಾಸಣೆಗೆ ಮಣಿಪಾಲಕ್ಕೆ ಹೋದಾಗ, ಈ ರೋಗ ಎಲ್ಲಿಂದ ಬಂತು ಎಂದು ಡಾಕ್ಟರಮ್ಮನನ್ನು ಕೇಳಿದೆ. "ಕೆಲವು ಗಡ್ಡೆಗಳಲ್ಲಿ ವೈರಸ್ಸಿನ ಗುರುತು ಸಿಕ್ಕಿದ್ದುಂಟು. ಆದರೆ ಅದೇ ಕಾರಣ ಅಂತ ಸಾಬೀತಾಗಿಲ್ಲ" ಎಂದರು. ನಾನೋ, ಮಹಾ ಪಂಡಿತೆಯ ಹಾಗೆ ಅದನ್ನು ಊಟದ ಹೊತ್ತಿಗೆ ಮನೆಯಲ್ಲಿ ಒದರಿದೆ. ನಮ್ಮ ಜೊತೆಗೇ ಇರುವ ಅಣ್ಣನ ಹೆಂಡತಿಗೆ ವೈರಸ್ ಎಂಬ ಒಂದೇ ಶಬ್ದ ಕೇಳಿಸಿತು. ಉಳಿದದ್ದೆಲ್ಲ ಗಾಳಿಗೆ ಹೋಯಿತು.

ಮರುದಿನ ಎದ್ದು ನೋಡಿದರೆ ನನ್ನ ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪು! ಸಿಡುಬು ಎದ್ದವರಿಗೆ ಮಾಡುವ ಹಾಗೆ ಬೇರೆ ಚಾಪೆ, ಬೇರೆ ಬಟ್ಟಲು, ಒಗ್ಗರಣೆಯಿಲ್ಲದ ಸಾರು.

"ಎಂತ ಅತ್ತಿಗೆ ಇದು? ನನಗೆ ಮೈಮೇಲೆ ಗುಳ್ಳೆ ಎದ್ದಿದೆಯಾ?"

"ಸಿಟ್ಟು ಮಾಡ್ಬೇಡ ಮಾರಾಯ್ತಿ. ಸಣ್ಣ ಮಗು ಉಂಟಲ್ವಾ? ನೀರು ನಾನು ಹಾಕ್ತೇನೆ."

ಮಗಳಾದರೂ ನನ್ನ ಪರ ಮಾತಾಡುತ್ತಾಳೆ ಎಂದುಕೊಂಡೆ. ಅವಳು ಮಗುವನ್ನು ಅವಚಿಕೊಂಡು ಬಾಗಿಲ ಹೊರಗೇ ನಿಂತು, "ಸ್ವಲ್ಪ ದಿನ ದೂರದಿಂದ್ಲೇ ನೋಡಮ್ಮ" ಎಂದಳು. ಬಿಕಾಂ ಓದಿದವಳು! ನನಗೆ ಮೈಯೆಲ್ಲ ಉರಿದುಹೋಯಿತು, ಅಳುವೂ ಬಂತು. ಇದು ಮುಟ್ಟಿದರೆ ಬರುವುದಲ್ಲ ಎಂದು ಎಷ್ಟು ಕೂಗಾಡಿದರೂ, "ನಿನಗೆ ಹೇಗೆ ಗೊತ್ತು?" ಎಂಬ ಒಂದೇ ಉತ್ತರ. ಡಾಕ್ಟರಿಗೆ ಫೋನ್ ಮಾಡಿ ಕೇಳಿ ಎಂದರೆ ಅದಕ್ಕೂ ಯಾರಿಗೂ ಪುರುಸೊತ್ತಿಲ್ಲ.

ಸೊಪ್ಪು ಕಟ್ಟಿದ ಹನ್ನೊಂದನೇ ದಿನ ಮಗುವಿನ ಚುಚ್ಚುಮದ್ದಿಗೆ ಮಗಳು ಮಣಿಪಾಲಕ್ಕೆ ಹೊರಟಳು. ಹಟ ಹಿಡಿದು ನಾನೂ ಹೊರಟೆ. ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಳು, ನನ್ನನ್ನು ಹಿಂದೆ ಕೂರಿಸಿದಳು. ಚುಚ್ಚುಮದ್ದು ಆದ ಕೂಡಲೇ ಅವಳನ್ನು ನನ್ನ ಡಾಕ್ಟರಮ್ಮನ ಕೋಣೆಗೆ ಎಳೆದುಕೊಂಡೇ ಹೋದೆ. ಬೇವಿನ ಸೊಪ್ಪಿನ ಕಥೆ ಕೇಳಿ ಅವರು ಹಣೆ ಹಣೆ ಚಚ್ಚಿಕೊಂಡರು.

"ನಿಮ್ಮ ಅಮ್ಮನಿಂದ ಮಗುವಿಗೆ ಕ್ಯಾನ್ಸರ್ ಹರಡುವುದಿಲ್ಲ. ಎತ್ತಿಕೊಂಡರೂ ಇಲ್ಲ, ಮುದ್ದು ಮಾಡಿದರೂ ಇಲ್ಲ, ಒಂದೇ ಬಟ್ಟಲಲ್ಲಿ ಉಂಡರೂ ಇಲ್ಲ" ಎನ್ನುತ್ತಾ ಮಗುವನ್ನು ತಾವೇ ಎತ್ತಿ ನನ್ನ ಮಡಿಲಿಗೆ ಹಾಕಿದರು. ಮನೆಗೆ ಬಂದ ಕೂಡಲೇ ಮಗಳು ಬಾಗಿಲ ಸೊಪ್ಪು ಕಿತ್ತು, ಡಾಕ್ಟರಮ್ಮ ಹೇಳಿದ್ದನ್ನು ಅತ್ತಿಗೆಗೆ ತಿಳಿಸಿದಳು.

ಮರುದಿನ ಅತ್ತಿಗೆಯೇ ನೀರು ಕಾಯಿಸಿ ನನ್ನನ್ನು ಕರೆದರು. ಮಗುವನ್ನು ಕಾಲ ಮೇಲೆ ಮಲಗಿಸಿದ್ದೇ ತಡ, ಅದು ನನ್ನ ಮುಖ ನೋಡಿ ಬೊಚ್ಚುಬಾಯಿ ಅಗಲಿಸಿ ನಕ್ಕಿತು.

"ಅಯ್ಯೋ, ನಕ್ಕಿತು! ಮೊದಲ ನಗು!" ಎಂದು ಕೂಗಿದೆ.

"ಮೊದಲನೆಯದ್ದು ಎಂತದ್ದು? ಕಳೆದ ವಾರದಿಂದ ನಗ್ತದೆ" ಎಂದರು ಅತ್ತಿಗೆ.

ಕಾಯಿಲೆ ನನ್ನಿಂದ ಏನೇನೋ ಕಿತ್ತುಕೊಂಡಿತು, ಅದಕ್ಕೆ ಬೈದು ಪ್ರಯೋಜನವಿಲ್ಲ. ಆದರೆ ಆ ಮೊದಲ ನಗುವನ್ನು ಕಿತ್ತುಕೊಂಡದ್ದು ಕಾಯಿಲೆಯಲ್ಲ, ನನ್ನ ಮನೆಯವರೇ.